ಗಂಡೂ ಅಲ್ಲ, ಹೆಣ್ಣೂ ಅಲ್ಲ: ಒಂದು ದಾಖಲೆಯ ಕಥೆ

ಹುಟ್ಟಿದ ಮಗು ಗಂಡೋ ಹೆಣ್ಣೋ? ಜನನ ನೋಂದಣಿಯಲ್ಲಿ ಬರೆಸಿದ ಉತ್ತರ ಬದುಕಿನುದ್ದಕ್ಕೂ ಬೆನ್ನಿಗಿರುತ್ತದೆ. ಆ ಎರಡೂ ತಮಗೆ ಹೊಂದುವುದಿಲ್ಲವೆಂದು ವಯಸ್ಸಾದ ಮೇಲೆ ಮನಗಂಡವರು ಏನು ಬರೆಸಬೇಕು?

ಸಿಡ್ನಿಯ ನೋರಿ ಈ ಪ್ರಶ್ನೆಯನ್ನು ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯದವರೆಗೆ ಒಯ್ದರು. 1961ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಅವರನ್ನು ಗಂಡೆಂದು ದಾಖಲಿಸಲಾಗಿತ್ತು. 1989ರಲ್ಲಿ ಹೆಣ್ಣಾಗಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದರಿಂದಲೂ ಗೊಂದಲ ತೀರಲಿಲ್ಲ. ಹೆಣ್ಣೆಂಬ ಗುರುತೂ ತಮ್ಮದಲ್ಲ ಎಂಬುದು ಕ್ರಮೇಣ ಅವರಿಗೆ ಸ್ಪಷ್ಟವಾಯಿತು.

2010ರ ಫೆಬ್ರುವರಿಯಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ನೋಂದಣಿ ಕಚೇರಿ ಅವರ ಲಿಂಗವನ್ನು 'ನಿರ್ದಿಷ್ಟಪಡಿಸಿಲ್ಲ' ಎಂದು ನಮೂದಿಸಿ ಪ್ರಮಾಣಪತ್ರ ಕೊಟ್ಟಿತು. ಆದರೆ ಕೆಲವೇ ವಾರಗಳಲ್ಲಿ, ಅದು ತಪ್ಪಿನಿಂದ ಕೊಟ್ಟದ್ದೆಂದು ಹಿಂತೆಗೆದುಕೊಂಡಿತು. ಗಂಡು ಅಥವಾ ಹೆಣ್ಣು ಎಂದಷ್ಟೇ ಬರೆಯಲು ತನಗೆ ಅಧಿಕಾರವಿದೆ ಎಂಬುದು ಕಚೇರಿಯ ವಾದ. ನಾಲ್ಕು ವರ್ಷಗಳ ವ್ಯಾಜ್ಯದ ಕೊನೆಗೆ, 2014ರ ಏಪ್ರಿಲ್ 2ರಂದು ನ್ಯಾಯಾಲಯ ಸರ್ವಾನುಮತದಿಂದ ಈ ವಾದವನ್ನು ತಳ್ಳಿಹಾಕಿತು. ವ್ಯಕ್ತಿಯೊಬ್ಬರು ಈ ಎರಡೂ ಆಗದಿರಬಹುದೆಂದು ಕಾನೂನೇ ಒಪ್ಪುತ್ತದೆ ಎಂದಿತು. ಆಗ ನೋರಿ ಐವತ್ತು ದಾಟಿದ್ದರು.

ಹದಿಮೂರು ದಿನಗಳ ತರುವಾಯ, ಏಪ್ರಿಲ್ 15ರಂದು, ನಮ್ಮ ಸುಪ್ರೀಂ ಕೋರ್ಟ್ ಕೂಡ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ತಮ್ಮ ಗುರುತನ್ನು ತಾವೇ ನಿರ್ಧರಿಸುವುದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕೆಂದು ಸಾರಿತು.

ಕಾನೂನಿಗೆ ಇಷ್ಟು ಕಾಲ ಹಿಡಿದದ್ದು ಕನ್ನಡದ ಆಡುಮಾತಿಗೆ ಅಷ್ಟು ಕಷ್ಟವಲ್ಲ. ನಮ್ಮ ನಪುಂಸಕಲಿಂಗ ವಸ್ತು, ಪ್ರಾಣಿಗಳಿಗೆ ಸಲ್ಲುವಂಥದು, ನಿಜ. ಆದರೆ ಗೌರವದ 'ಅವರು' ಎಂಬ ಪದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಇಲ್ಲಿ ನೋರಿಯವರ ಕಥೆ ಹೇಳಲು ಅದೊಂದೇ ಸಾಕಾಯಿತು.