ಅಜ್ಞಾತಹೇತುಕ ಪುಪ್ಪುಸಾವರಣ ತಂತುಕಾಠಿನ್ಯ

ಶ್ವಾಸಕೋಶಗಳನ್ನು ಹೊದೆದಿರುವ ಎರಡು ಪದರಗಳ ತೆಳುಪೊರೆಯು, ಗೊತ್ತಾದ ಯಾವ ಕಾರಣವೂ ಇಲ್ಲದೆ ನಾರುಗಟ್ಟಿ ದಪ್ಪವಾಗುವ ವಿರಳ ವ್ಯಾಧಿ. ಒಳಪದರವು ಶ್ವಾಸಕೋಶಕ್ಕೂ ಹೊರಪದರವು ಎದೆಗೂಡಿನ ಒಳಮೈಗೂ ಅಂಟಿದ್ದು, ನಡುವಣ ಎರಡು ಮೂರು ಚಮಚ ದ್ರವದ ನುಣುಪಿನಲ್ಲಿ ಒಂದರ ಮೇಲೊಂದು ಜಾರುವುದರಿಂದಲೇ ಉಸಿರಾಟವು ನಮ್ಮ ಅರಿವಿಗೆ ಬಾರದಂತೆ ನಡೆಯುತ್ತದೆ. ಆ ಪದರಗಳು ಬೆಸೆದುಕೊಂಡಾಗ, ಒಳಗಿನ ಶ್ವಾಸಕೋಶವು ನಿರೋಗಿಯಾಗಿದ್ದರೂ, ತೊಗಲಿನ ಚೀಲದಲ್ಲಿ ಹೊಲಿದಿಟ್ಟಂತೆ ಹಿಗ್ಗಲಾರದಾಗುತ್ತದೆ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆ ಏದುಸಿರಿಗೆಲ್ಲ 'ದಮ್ಮು' ಎಂಬ ಒಂದೇ ಹೆಸರು. ಆದರೆ ಉಬ್ಬಸದವನಿಗೆ ಉಸಿರನ್ನು ಹೊರಬಿಡುವುದು ಕಷ್ಟ. ಈ ರೋಗಿಯ ಅಳಲೋ "ಉಸರು ಪೂರ್ತಿ ಒಳಗ ಹೋಗಂಗಿಲ್ರೀ" ಎಂಬ ಬಗೆಯದು. ವೈದ್ಯನು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿದರೆ, ಪೊರೆ ದಪ್ಪಗಟ್ಟಿದೆಡೆಯಲ್ಲಿ ತುಂಬಿದ ಕೊಡವನ್ನು ತಟ್ಟಿದಂತೆ ಮಂದವಾದ ಸದ್ದು ಬರುತ್ತದೆ.

'ಅಜ್ಞಾತ' ಎಂಬ ವಿಶೇಷಣವನ್ನು ಅವಸರದಿಂದ ಪ್ರಯೋಗಿಸತಕ್ಕದ್ದಲ್ಲ. ನಮ್ಮ ನಾಡಿನಲ್ಲಿ ಇಂತಹ ಕಲೆಯನ್ನು ಕಂಡೊಡನೆ ಮೊದಲು ಸಂಶಯಿಸಬೇಕಾದುದು ಕ್ಷಯವನ್ನು. ಎಂದೋ ಎದೆಯಲ್ಲಿ ನೀರು ತುಂಬಿ ಇಂಗಿದ್ದನ್ನು ಮನೆಯವರೇ ಮರೆತಿರುವುದುಂಟು. ಕೀವು, ಪೆಟ್ಟಿನಿಂದಾದ ರಕ್ತಸ್ರಾವ, ಕೀಲುವಾತ, ಬ್ರೋಮೋಕ್ರಿಪ್ಟಿನ್ ಮೊದಲಾದ ಔಷಧಗಳು, ದಶಕಗಳ ಹಿಂದೆ ಒಳಸೇರಿದ ಆಸ್ಬೆಸ್ಟಾಸ್ ಎಳೆಗಳು, ಇವೆಲ್ಲವನ್ನೂ ವಿಚಾರಿಸಬೇಕು. ಅರ್ಬುದವಿಲ್ಲವೆಂಬುದನ್ನು ಪೊರೆಯ ತುಣುಕು ತೆಗೆದು ನಿಶ್ಚಯಿಸಬೇಕು. ಮನೆಯ ಮೇಲೆ ಸಿಮೆಂಟ್ ತಗಡು ಇದ್ದ ಮಾತ್ರಕ್ಕೆ ದೋಷವನ್ನು ಅದಕ್ಕೆ ಹೊರಿಸಲಾಗದು. ಅದನ್ನು ವರ್ಷಗಟ್ಟಲೆ ಕೊಯ್ದು ಕೊರೆದವನ ಮಾತು ಬೇರೆ. ಹತ್ತಿಯ ಧೂಳೂ ಹಾಗೆಯೇ: ಅದು ಪೀಡಿಸುವುದು ಶ್ವಾಸನಾಳಗಳನ್ನು, ರಜೆ ಕಳೆದು ಗಿರಣಿಗೆ ಮರಳಿದ ದಿನ ಎದೆ ಬಿಗಿಯುವುದು ಅದರ ಗುರುತು, ಹೊರಪೊರೆಯ ಗೊಡವೆ ಅದಕ್ಕಿಲ್ಲ.

ಎರಡೂ ಪಾರ್ಶ್ವಗಳಲ್ಲಿ ಹಬ್ಬುವ ಇದರ ಒಂದು ರೂಪವನ್ನು ಬ್ರಿಟನ್ನಿನ ವೈದ್ಯರು 1988ರಲ್ಲಿ ವರ್ಣಿಸಿದರು. ಪೊರೆಯೊಡನೆ ಶ್ವಾಸಕೋಶದ ಮೇಲ್ಭಾಗವನ್ನೂ ಆವರಿಸುವ ಇನ್ನೊಂದು ರೂಪವು 2013ರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ವಿರಳ ರೋಗವೆಂದು ಸ್ಥಾನ ಪಡೆಯಿತು.

ಸ್ಟೀರಾಯ್ಡ್‌ಗಳ ಫಲ ಅನಿಶ್ಚಿತ. ಒಳಗಿನ ಶ್ವಾಸಕೋಶವು ಕೆಡದಿದ್ದು, ರೋಗಿಯ ದೇಹ ತಾಳಬಲ್ಲದಾದರೆ, ಗಟ್ಟಿಪೊರೆಯನ್ನು ಸುಲಿದು ತೆಗೆಯುವ ಶಸ್ತ್ರಕ್ರಿಯೆಯುಂಟು. ತೊಗಟೆ ಕಳಚಿದೆಡೆಯೆಲ್ಲ ಕುಗ್ಗಿದ್ದ ಶ್ವಾಸಕೋಶವು ಶಸ್ತ್ರವೈದ್ಯನ ಕಣ್ಣೆದುರೇ ಉಬ್ಬಿಕೊಳ್ಳುತ್ತದೆ.