ನಮ್ಮ ಶಾಲೆಯ ಮಧ್ಯಾಹ್ನದ ಊಟ

ಪ್ರಾಥಮಿಕ ಶಾಲೆಯಲ್ಲಿ ನಮಗೆ ಕೇರ್ ಸಂಸ್ಥೆಯ ಉಪ್ಪಿಟ್ಟಾದರೂ ಸಿಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ಅದೂ ಇಲ್ಲ. ಬುತ್ತಿ ತಂದವರಿಗೆ ಊಟ, ತಾರದವರಿಗೆ ನೀರು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರ ಜೂನ್‌ನಲ್ಲಿ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಪ್ರೌಢಶಾಲೆಗಳ ಸರದಿ ಬಂದದ್ದು 2007-08ರಲ್ಲಿ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲೂ ಸೇರಿತು.

ಮನೆಯಲ್ಲಿ ಸೊಪ್ಪು, ತರಕಾರಿ ಕಂಡರೆ ಮುಖ ತಿರುಗಿಸುವ ಮಕ್ಕಳು ಗೆಳೆಯರ ಪಂಕ್ತಿಯಲ್ಲಿ ಕೂತು ಅದನ್ನೇ ಉಂಡು ಏಳುತ್ತಾರೆ. ಮನೆಯವರು ಹೇಳಿ ಸೋತ ಪಾಠವಿದು. ಆದರೆ ದಿನವೂ ಅನ್ನ-ಸಾಂಬಾರು ಉಂಡ ನಾಲಿಗೆಗೆ ಮುದ್ದೆ ಬೇಡವಾಯಿತೆಂಬುದು ಊರಿನ ಹಿರಿಯರ ದೂರು. ಅದು ಪೂರಾ ಸುಳ್ಳಲ್ಲ. ಆ ರಾಗಿಯೇ 2024ರಲ್ಲಿ ಮಾಲ್ಟ್ ಆಗಿ, ಹಾಲಿನೊಡನೆ ಮಕ್ಕಳ ಲೋಟಕ್ಕೆ ಬಂದಿದೆ.