ಅರಿಶಿನದ ಲೆಕ್ಕ, ಮೆಂತ್ಯದ ಲೋಳೆ

ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೊರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಅದು ರಕ್ತದ ಸಕ್ಕರೆಯನ್ನು ಮೂತ್ರಕ್ಕೆ ಹರಿಯಬಿಡುತ್ತದೆಂದು 1886ರಲ್ಲಿ ಜರ್ಮನಿಯ ವಾನ್ ಮೆರಿಂಗ್ ತೋರಿಸಿದ. ಅದೇ ಜಾಡಿನಲ್ಲಿ ಹುಟ್ಟಿದ ಡಪಾಗ್ಲಿಫ್ಲೊಜಿನ್ ಮಾತ್ರೆಗೆ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಗಿಡದಿಂದ ಒಂದು ಅಣುವನ್ನು ಹೆಕ್ಕಿದರೆ ಸಕ್ಕರೆ ಕಾಯಿಲೆಗೆ ಮದ್ದಾದೀತು ಎಂಬ ನಂಬಿಕೆಗೆ ಇದು ಗಟ್ಟಿ ಸಾಕ್ಷಿ. ಅಡುಗೆಮನೆಯ ಅಣುಗಳು ಮಾತ್ರ ಅಷ್ಟು ಸಲೀಸಾಗಿ ಪಳಗಲಿಲ್ಲ.

ಈ ನಡುವೆ ಬಂದದ್ದು ಆಂಟಿಆಕ್ಸಿಡೆಂಟ್ ಭರಾಟೆ. ಯಾವ ಹಣ್ಣಿಗೆ ಎಷ್ಟು ಅಂಕ ಎಂದು ಅಮೆರಿಕದ ಕೃಷಿ ಇಲಾಖೆಯೇ ಪಟ್ಟಿ ಹಾಕಿತ್ತು. ಪ್ರನಾಳದ ಅಂಕಕ್ಕೂ ದೇಹದೊಳಗಿನ ಪರಿಣಾಮಕ್ಕೂ ತಾಳೆಯಾಗದೆ 2012ರಲ್ಲಿ ಅದನ್ನು ತೆಗೆದುಹಾಕಿತು. ಪಟ್ಟಿ ಹೋಯಿತು, ಜಾಹೀರಾತು ಉಳಿಯಿತು.

ಅರಿಶಿನದ ಕರ್ಕ್ಯುಮಿನ್ ಕಥೆ ಇನ್ನೂ ಸ್ವಾರಸ್ಯದ್ದು. ಪ್ರಯೋಗಾಲಯದ ಜೀವಕೋಶಗಳ ಮೇಲೆ ಅದು ಮಾಡದ ಪವಾಡವಿಲ್ಲ. ನುಂಗಿದರೆ ರಕ್ತಕ್ಕೆ ಸೇರುವುದೇ ಅಪರೂಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ನಮ್ಮ ಸಾರಿನ ಪುಡಿಗೆ ಇದು ಪ್ರಮಾಣಪತ್ರವೆಂದು ಹಿಗ್ಗುವ ಮೊದಲು ಸಣ್ಣ ಲೆಕ್ಕ ಮಾಡಿ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. 2 ಗ್ರಾಂ ಬೇಕೆಂದರೆ ಅರುವತ್ತು ಗ್ರಾಂಗೂ ಹೆಚ್ಚು ಅರಿಶಿನ! ಅಂಥ ಹುಳಿಯನ್ನು ಯಾರು ಉಂಡಾರು? ಪರೀಕ್ಷೆಗಳಲ್ಲಿ ಸುಳ್ಳು ಸುಳಿವು ಕೊಡುವ ಗುಣ ಈ ಅಣುವಿಗಿದೆ ಎಂದು 2017ರಲ್ಲಿ ಔಷಧ ರಸಾಯನಜ್ಞರು ಎಚ್ಚರಿಸಿದರು.

ಈ ಗದ್ದಲದಲ್ಲಿ ಹಿಂದೆ ಸರಿದದ್ದು ಮೆಂತ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ನೂರು ಗ್ರಾಂ ಎಣ್ಣೆ ತೆಗೆದ ಮೆಂತ್ಯದ ಪುಡಿ ತಿಂದವರ ರಕ್ತದ ಸಕ್ಕರೆಯೂ ಕೊಬ್ಬೂ ಇಳಿದವು. ನೂರು ಗ್ರಾಂ ಯಾರ ನಾಲಿಗೆಗೂ ಶಿಕ್ಷೆಯೇ. ಆದರೆ ಇಲ್ಲಿ ಕೆಲಸ ಮಾಡುವ ಬಗೆ ಅರ್ಥವಾಗುವಂಥದ್ದು. ರಾತ್ರಿ ನೆನೆಸಿಟ್ಟ ಮೆಂತ್ಯ ಬೆಳಗ್ಗೆ ಲೋಳೆಯಾಗಿರುತ್ತದಲ್ಲ, ಆ ನಾರಿನ ಲೋಳೆಯೇ ಕರುಳಿನಲ್ಲಿ ಸಕ್ಕರೆ ಹೀರಿಕೆಯನ್ನು ನಿಧಾನಗೊಳಿಸುತ್ತದೆ, ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತದೆ. ಓಟ್ಸಿನ ಬೀಟಾ ಗ್ಲೂಕನ್ ಮಾಡುವುದೂ ಇದನ್ನೇ. ದಿನಕ್ಕೆ 3 ಗ್ರಾಂ ಎಂಬ ಆಧಾರದ ಮೇಲೆ 1997ರಲ್ಲಿ ಅಮೆರಿಕ ಅದರ ಪೊಟ್ಟಣದ ಮೇಲೆ ಹೃದಯದ ಮಾತು ಬರೆಯಲು ಬಿಟ್ಟಿತು. ರಕ್ತಕ್ಕೆ ಇಳಿಯಲೇಬೇಕೆಂಬ ಹಟವಿಲ್ಲದ ವಸ್ತುವೇ ಗೆದ್ದದ್ದು ನನಗಂತೂ ಖುಷಿ ಕೊಡುತ್ತದೆ.

ಹೆಕ್ಕಿದ ಅಣುವಿಗಿಂತ ಪೂರ್ತಿ ಆಹಾರವೇ ಮೇಲು ಎಂಬತ್ತ ದೊಡ್ಡ ಪ್ರಯೋಗಗಳೂ ಬೊಟ್ಟು ಮಾಡುತ್ತವೆ. ಅಮೆರಿಕದ 21,442 ಹಿರಿಯರಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೋಕೋ ಸಾರದ ಮಾತ್ರೆ ಒಟ್ಟು ಹೃದ್ರೋಗ ಘಟನೆಗಳನ್ನು ಖಚಿತವಾಗಿ ತಗ್ಗಿಸಲಿಲ್ಲ. ಸ್ಪೇನಿನಲ್ಲಿ ಆಲಿವ್ ಎಣ್ಣೆ, ಬೀಜಗಳಿದ್ದ ಪೂರ್ತಿ ಊಟವನ್ನೇ ಪರೀಕ್ಷಿಸಿದಾಗ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಅಪಾಯ ಸುಮಾರು ಶೇ. 30 ಇಳಿಯಿತು. ಆ ವರದಿಯಲ್ಲೂ ಲೋಪ ಸಿಕ್ಕಿ 2018ರಲ್ಲಿ ಹಿಂಪಡೆದು ಮರುಪ್ರಕಟಿಸಬೇಕಾಯಿತು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವರು ಮೆಂತ್ಯದ ನಂಬಿಕೆಯಲ್ಲಿ ಅದನ್ನು ಬಿಡಬೇಡಿ. ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ: ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳಿವೆ.